ಮೊದಲು ನೀರು, ಆಮೇಲೆ ಎಣ್ಣೆ

ಭಾನುವಾರ ಬೆಳಿಗ್ಗೆ ಕೆಂಪಕ್ಕನ ಬಚ್ಚಲುಮನೆಯಿಂದ ಹೊಗೆ ಎದ್ದರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು, ಇವತ್ತು ಮೈತ್ರಿಗೆ ಎಣ್ಣೆ ಸ್ನಾನ ಎಂದು. ಹೊಗೆ ಕಾಣದವರಿಗೆ ಮೈತ್ರಿಯ ಅಳು ಕೇಳಿಸುತ್ತಿತ್ತು.

ಬನಶಂಕರಿ ಬಸ್ ನಿಲ್ದಾಣದ ಹಿಂದೆ ಇನ್ನೂ ಹಳೇ ಊರಾಗಿಯೇ ಉಳಿದಿದ್ದ ಬೀದಿಯೊಂದರಲ್ಲಿ ಅವರ ಮನೆ. ಕೆಂಪಕ್ಕ, ಗಂಡ ಪಿಳ್ಳಪ್ಪ, ಟೆಂಪೋ ಓಡಿಸುವ ಮಗ ರವಿಕುಮಾರ್, ಸೊಸೆ ಮುನಿಲಕ್ಷ್ಮಿ, ಏಳು ವರ್ಷದ ಮೊಮ್ಮಗಳು ಮೈತ್ರಿ. ಕೆಂಪಕ್ಕ ಮೂವತ್ತು ವರ್ಷ ಗಾರೆ ಕೆಲಸ ಮಾಡಿದವಳು. ಬನಶಂಕರಿ ಸೆಕೆಂಡ್ ಸ್ಟೇಜಿನ ಎಷ್ಟೋ ಮನೆಗಳ ಇಟ್ಟಿಗೆ ಅವಳ ತಲೆಯ ಮೇಲಿನಿಂದ ಇಳಿದದ್ದು. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವ ಹೆಂಗಸಲ್ಲ. ಏಳು ವರ್ಷದಿಂದ ಅವಳು ಹಿಡಿದಿದ್ದ ಕೆಲಸ ಒಂದೇ, ಮೊಮ್ಮಗಳ ಮೈಯ ಹುರುಪೆ ತೆಗೆಯುವುದು.

ಮೈತ್ರಿಯ ಮೊಣಕಾಲ ಕೆಳಗೆ, ತೋಳಿನ ಹೊರಭಾಗದಲ್ಲಿ, ಬೆನ್ನಿನ ಮೇಲೆ ಚರ್ಮ ಸದಾ ಒಣಗಿ ಹೊಟ್ಟು ಉದುರುತ್ತಿತ್ತು. ಕಾಲಿನ ಮೇಲಂತೂ ಮೀನಿನ ಮೈಯ ಹಾಗೆ ಚೌಕ ಚೌಕವಾಗಿ ಬಿರಿದಿತ್ತು. ಮಳೆಗಾಲದಲ್ಲಿ ಸ್ವಲ್ಪ ವಾಸಿ. ಚಳಿ ಬಿತ್ತೆಂದರೆ ಬಿರುಕಿನಲ್ಲಿ ರಕ್ತ.

2003ರ ಡಿಸೆಂಬರಿನ ಆ ಭಾನುವಾರ ಕೆಂಪಕ್ಕ ಎಂದಿಗಿಂತ ಜೋರಾಗಿ ಉಜ್ಜುತ್ತಿದ್ದಳು. ಅದಕ್ಕೆ ಕಾರಣವಿತ್ತು. ಕೆಲವು ತಾಯಂದಿರು ದೂರು ಕೊಟ್ಟರೆಂದು ಶಾಲೆಯಲ್ಲಿ ಮೈತ್ರಿಯನ್ನು ಬೆಂಚಿನಿಂದ ಎಬ್ಬಿಸಿ, ವಾರವಿಡೀ ಬಾಗಿಲ ಹತ್ತಿರ ಚಾಪೆ ಹಾಕಿ ಕೂರಿಸಿದ್ದರು. ಶುಕ್ರವಾರ ಹೆಡ್‌ಮಾಸ್ಟರ್ ಪರಮಶಿವಯ್ಯ ಮುನಿಲಕ್ಷ್ಮಿಯನ್ನು ಕರೆಸಿ ಹೇಳಿದ್ದರು, "ಪೂರ್ತಿ ಗುಣ ಆಗಿದೆ ಅಂತ ಡಾಕ್ಟರ್ ಹತ್ರ ಲೆಟರ್ ತನ್ನಿಯಮ್ಮ. ಅಲ್ಲಿವರೆಗೂ ಮಗು ಮನೇಲಿರ್ಲಿ."

ಆ ರಾತ್ರಿ ಊಟಕ್ಕೆ ಕೂತಿದ್ದ ಪಿಳ್ಳಪ್ಪ ಬಾಗಿಲು, ಚಾಪೆ ಎಂಬ ಮಾತು ಕೇಳಿ ತಟ್ಟೆ ಬಿಟ್ಟು ಎದ್ದುಹೋಗಿದ್ದ. ಅವನು ಊರ ಶಾಲೆಯಲ್ಲಿ ಓದಿದ್ದು ಮೂರು ವರ್ಷ. ಅವನ ಕೇರಿಯ ಹುಡುಗರಿಗೆ ಆಗ ಒಳಗೆ ಜಾಗವಿರಲಿಲ್ಲ. ಮೂರು ವರ್ಷವೂ ಅವನು ಕೂತದ್ದು ಬಾಗಿಲಾಚೆ. ಮೊಮ್ಮಗಳಿಗೆ ಮೈತ್ರಿ ಎಂದು ಹೆಸರಿಟ್ಟವನು ಅವನೇ.

"ಇನ್ನೊಂದು ಚೂರು ತಡ್ಕೊ ಕಂದ. ಈ ಸಲ ಎಲ್ಲಾ ಕಿತ್ತು ಬರ್ತೈತೆ," ಎನ್ನುತ್ತಾ ಕೆಂಪಕ್ಕ ಹಂಡೆಯ ಸುಡುನೀರು ಹೊಯ್ದು, ಸೀಗೇಪುಡಿ ಹಾಕಿ, ನಾರಿನಿಂದ ಕಾಲು ತಿಕ್ಕಿದಳು. ಸ್ನಾನಕ್ಕೆ ಮುಂಚೆ ಹಚ್ಚಿದ್ದ ಹರಳೆಣ್ಣೆಯ ಜಿಡ್ಡು ಒಂದು ಹನಿಯೂ ಉಳಿಯಬಾರದು. ಮಿಂದ ಮೈಗೆ ಮತ್ತೆ ಎಣ್ಣೆ ಮುಟ್ಟಿಸಬಾರದು. ಇದು ಅವಳ ಅವ್ವನ ಕಾಲದಿಂದ ಬಂದ ಕಟ್ಟಳೆ.

ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದ ದಾನಮ್ಮ ಅಳು ಕೇಳಲಾರದೆ ಇಳಿದು ಬಂದಳು. ರೋಣದ ಕಡೆಯವಳು. ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ ನರ್ಸು.

"ಕೆಂಪಕ್ಕಾರ, ಸಾಕು ಬಿಡ್ರಿ. ಅದು ಕೊಳಿ ಅಲ್ಲ, ತೊಗಲು ಐತಿ. ತಿಕ್ಕಿದಷ್ಟೂ ಹರೀತೈತಿ."

"ನೀವು ನರ್ಸಮ್ಮ ಇರಬೋದು. ನಾನು ಏಳು ವರ್ಷದಿಂದ ತೊಳೀತಾ ಇವ್ನಿ."

"ಅದನ್ನ ಕೇಳಾಕತ್ತೇನಿ. ಏಳು ವರ್ಷದಾಗ ಹೋತೇನ್ರಿ?"

ಕೆಂಪಕ್ಕನ ಕೈ ನಿಂತಿತು. ಬಾಯಿ ನಿಲ್ಲಲಿಲ್ಲ. "ಹೆಂಗೆ ಹೋಗ್ತೈತೆ? ಇವ್ರಮ್ಮ ಬಸುರಿಲಿ ಗ್ರಹಣದ ದಿನ ಸಾರಕ್ಕಿ ಕೆರೆ ಮೀನು ಉಜ್ಜಿದ್ಲು. ಬ್ಯಾಡ ಕಣೇ ಅಂದ್ರೂ ಕೇಳ್ಲಿಲ್ಲ. ಮೀನಿನ ಹುರುಪೆ ಮಗೀಗೆ ಬಂತು."

ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿದ್ದ ಮುನಿಲಕ್ಷ್ಮಿ ತಲೆ ತಗ್ಗಿಸಿದಳು. 1995ರ ದೀಪಾವಳಿಯ ಹೊತ್ತಿನ ಆ ಗ್ರಹಣದ ಮಾತನ್ನು ಅವಳು ಎಷ್ಟು ಸಲ ಕೇಳಿದ್ದಳೋ ಲೆಕ್ಕವಿಲ್ಲ. ಕೇಳೀ ಕೇಳೀ ಅವಳೂ ನಂಬಿಬಿಟ್ಟಿದ್ದಳು.

"ಆವತ್ತು ಮೀನು ಮಾರೋ ಬಸುರಿ ಹೆಂಗಸ್ರು ಎಷ್ಟು ಮಂದಿ ಇದ್ದಿರಬೇಕ್ರಿ? ಅವರ ಮಕ್ಕಳಿಗೆಲ್ಲಾ ಹಿಂಗ ಆಗೇತೇನು?" ಎಂದಳು ದಾನಮ್ಮ. "ಇದು ಮನಿತನದಾಗ ಬರೋದು. ನಿಮ್ಮ ಮನ್ಯಾಗ ಮತ್ತ ಯಾರಿಗರ ಐತೇನ್ರಿ?"

"ನಮ್ಮ ಕಡೆ ಯಾರಿಗೂ ಇಲ್ಲ," ಎಂದು ಕೆಂಪಕ್ಕ ಥಟ್ಟನೆ ಹೇಳಿ, ಎತ್ತಿ ಕಟ್ಟಿದ್ದ ಸೀರೆಯನ್ನು ಪಾದದವರೆಗೂ ಇಳಿಬಿಟ್ಟಳು.

ದಾನಮ್ಮ ಜಗಳಕ್ಕೆ ನಿಲ್ಲಲಿಲ್ಲ. "ನಾಳೆ ದೊಡ್ಡಾಸ್ಪತ್ರಿಗೆ ಹೋಗೂಣು. ಹೆಂಗೂ ನಿಮಗ ಡಾಕ್ಟರ್ ಕಾಗದ ಬೇಕಲ್ಲ," ಎಂದಳು.

ಸೋಮವಾರ ಕೆಂಪಕ್ಕ, ಮುನಿಲಕ್ಷ್ಮಿ, ಮೈತ್ರಿ, ದಾನಮ್ಮ ನಾಲ್ವರೂ ಬಸ್ಸು ಹತ್ತಿದರು. ಆಸ್ಪತ್ರೆಯ ಸಾಲಿನಲ್ಲಿ ಎರಡು ಗಂಟೆ ನಿಂತ ಮೇಲೆ ಚರ್ಮದ ಡಾಕ್ಟರ್ ಕಾತ್ಯಾಯಿನಿಯವರ ಮುಂದೆ ಕೂತರು. ಡಾಕ್ಟರ್ ಬರಿಗೈಯಲ್ಲೇ ಮೈತ್ರಿಯ ಕಾಲು ಸವರಿದರು. ಅಂಗೈ ತಿರುಗಿಸಿ, ಅಲ್ಲಿ ಒತ್ತೊತ್ತಾಗಿದ್ದ ಗೆರೆಗಳನ್ನು ನೋಡಿದರು. ಮೈತ್ರಿ ಮಾತ್ರ ಡಾಕ್ಟರ ಕೈಯನ್ನೇ ನೋಡುತ್ತಿದ್ದಳು. ಮನೆಯವರಲ್ಲದ ಒಬ್ಬರು ಅವಳನ್ನು ಮುಟ್ಟಿ ಬಹಳ ದಿನವಾಗಿತ್ತು.

"ಇದಕ್ಕೆ ಇಕ್ತಿಯೋಸಿಸ್ ಅಂತಾರೆ. ವಂಶದಲ್ಲಿ ಬರುವ ಒಣಚರ್ಮ. ಮುಟ್ಟಿದ್ರೆ ಅಂಟಲ್ಲ, ಜೊತೇಲಿ ಉಂಡ್ರೆ ಅಂಟಲ್ಲ, ಅವಳ ಬಟ್ಟೆ ಹಾಕ್ಕೊಂಡ್ರೂ ಅಂಟಲ್ಲ," ಎಂದರು ಡಾಕ್ಟರ್.

"ಯಾವಾಗ ಪೂರ್ತಿ ಗುಣ ಆಗ್ತೈತೆ ಮೇಡಂ?"

"ಪೂರ್ತಿ ಹೋಗಲ್ಲ ಅಜ್ಜಿ. ಆದ್ರೆ ದಿನಾ ನೋಡ್ಕೊಂಡ್ರೆ ಹತೋಟಿಲಿರುತ್ತೆ. ಎಲ್ಲರ ಹಾಗೆ ಓದ್ತಾಳೆ, ಆಡ್ತಾಳೆ, ಕೆಲಸಕ್ಕೆ ಹೋಗ್ತಾಳೆ."

ಕೆಂಪಕ್ಕನಿಗೆ ಹೆಡ್‌ಮಾಸ್ಟರ್ ಹೇಳಿದ್ದು ನೆನಪಾಯಿತು. ಗುಣವಾಗದಿದ್ದರೆ ಕಾಗದ ಎಲ್ಲಿಂದ ಬರಬೇಕು? ಕಾಗದ ಬರದಿದ್ದರೆ ಶಾಲೆ?

"ಮನೇಲಿ ಬೇರೆ ಯಾರಿಗಿದೆ?" ಡಾಕ್ಟರ್ ಕೇಳಿದರು.

ಮುನಿಲಕ್ಷ್ಮಿ ಕಣ್ಣೊರೆಸಿಕೊಂಡಳು. "ಯಾರಿಗೂ ಇಲ್ಲ ಮೇಡಂ. ನನ್ನಿಂದಾನೇ ಆಗಿದ್ದು. ಗ್ರಹಣದ ದಿನ ನಾನು..."

ಆ ಮಾತು ಮುಗಿಯಲು ಕೆಂಪಕ್ಕ ಬಿಡಲಿಲ್ಲ. ಪಕ್ಕದ ಸ್ಟೂಲಿನ ಮೇಲೆ ಕಾಲಿಟ್ಟು, ಸೀರೆಯನ್ನು ಮೊಣಕಾಲವರೆಗೆ ಎತ್ತಿದಳು. ಮೈತ್ರಿಯ ಕಾಲಿನದೇ ಚೌಕ ಚೌಕ ಬಿರುಕು, ಅದೇ ಹೊಟ್ಟು. ವಯಸ್ಸಾದ ಕಾಲು ಎಂಬುದಷ್ಟೇ ವ್ಯತ್ಯಾಸ.

"ನೋಡಿ ಮೇಡಂ. ಸಿಮೆಂಟು ತಿಂದಿದ್ದು ಅಂದ್ಕೊಂಡಿದ್ದೆ. ಎಲ್ರಿಗೂ ಹಂಗೇ ಹೇಳ್ತಿದ್ದೆ."

"ಸಿಮೆಂಟ್ ಮುಟ್ಟೋಕೆ ಮುಂಚೆ, ಚಿಕ್ಕೋರಿದ್ದಾಗ ಹೇಗಿತ್ತು?"

ಕೆಂಪಕ್ಕ ಸೀರೆ ಇಳಿಬಿಡದೆಯೇ, "ಹಿಂಗೇ ಇತ್ತು," ಎಂದಳು.

"ಹಾಗಾದ್ರೆ ನಿಮ್ಮಿಂದ ಮಗನಿಗೆ, ಮಗನಿಂದ ಇವಳಿಗೆ ಬಂದಿರಬೇಕು. ಅಜ್ಜಿಯ ಮೂಗು ಮೊಮ್ಮಗಳಿಗೆ ಬರಲ್ವಾ, ಹಾಗೇ. ಇದ್ರಲ್ಲಿ ನಿಮ್ಮ ತಪ್ಪೂ ಇಲ್ಲ, ನಿಮ್ಮ ಸೊಸೆ ತಪ್ಪೂ ಇಲ್ಲ."

ಏಳು ವರ್ಷ ಸೊಸೆಯನ್ನು ಚುಚ್ಚಿದ್ದು ನೆನಪಾಗಿ ಕೆಂಪಕ್ಕನಿಗೆ ನಾಚಿಕೆಯಾಯಿತು. ಅವಳು ಮುನಿಲಕ್ಷ್ಮಿಯ ಕೈ ಹಿಡಿದುಕೊಂಡಳು. "ನನ್ನ ಬಾಯಿಗೆ ಬುದ್ಧಿ ಇರ್ಲಿಲ್ಲ ಕಣೇ. ಇನ್ಮೇಲೆ ಆ ಮಾತು ಯಾರಾದ್ರೂ ಎತ್ತಿದ್ರೆ ನನ್ ಹತ್ರ ಕಳ್ಸು." ಮುನಿಲಕ್ಷ್ಮಿ ಅತ್ತಳು, ಅತ್ತು ಹಗುರಾದಳು.

ಆಮೇಲೆ ಡಾಕ್ಟರ್ ಆರೈಕೆಯ ವಿಷಯಕ್ಕೆ ಬಂದರು. ನಮ್ಮ ಚರ್ಮ ಇಟ್ಟಿಗೆ ಗೋಡೆ ಇದ್ದ ಹಾಗೆ, ಮೈತ್ರಿಯ ಗೋಡೆಗೆ ಗಾರೆ ಕಮ್ಮಿ ಬಿದ್ದಿದೆ, ಅದಕ್ಕೇ ಒಳಗಿನ ತೇವ ಆಚೆ ಹೋಗುತ್ತದೆ ಎಂದರು. "ಸುಡುನೀರು, ಸೀಗೇಪುಡಿ, ನಾರು, ಮೂರೂ ಬಿಡಿ. ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷದ ಸ್ನಾನ ಸಾಕು. ಟವೆಲಲ್ಲಿ ಒತ್ತಿ, ಉಜ್ಜಬೇಡಿ. ಮೈ ಇನ್ನೂ ಒದ್ದೆ ಇರೋವಾಗಲೇ, ಮೂರು ನಿಮಿಷದೊಳಗೆ, ಈ ಮುಲಾಮು ಹಚ್ಚಿ. ಮುಲಾಮು ಮುಗಿದಿದ್ರೆ ವ್ಯಾಸಲೀನ್, ಇಲ್ಲಾ ಕೊಬ್ಬರಿ ಎಣ್ಣೆ. ರಾತ್ರಿ ಮಲಗೋಕೆ ಮುಂಚೆ ಇನ್ನೊಂದು ಸಲ."

"ಸ್ನಾನ ಆದ್ಮೇಲೆ ಎಣ್ಣೆನಾ?" ಕೆಂಪಕ್ಕನಿಗೆ ಗಂಟಲಲ್ಲಿ ಇಳಿಯದ ಮಾತು ಅದು. ಆದರೆ ಗಾರೆ, ಗೋಡೆ ಎಂದದ್ದು ತಲೆಯಲ್ಲಿ ಓಡುತ್ತಿತ್ತು. "ತಾರಸಿಗೆ ಮೋಲ್ಡಿಂಗ್ ಹಾಕಿದ್ಮೇಲೆ ನೀರು ಹೊಡ್ದು, ಒಣಗದೇ ಇರ್ಲಿ ಅಂತ ಮೇಲೆ ಗೋಣಿಚೀಲ ಹೊದಿಸ್ತೀವಲ್ಲ, ಹಂಗಾ ಮೇಡಂ?"

"ಹಂಗೇ ಅಜ್ಜಿ. ನಾನು ಇಷ್ಟು ಚೆನ್ನಾಗಿ ಹೇಳ್ತಿರ್ಲಿಲ್ಲ."

"ಅಯ್ಯೋ ಶಿವನೇ. ಅಂದ್ರೆ ನಾನು ಮೊದ್ಲು ಚೀಲ ಹೊದಿಸಿ, ಆಮೇಲೆ ನೀರು ಹೊಯ್ದು, ಚೀಲ ಕಿತ್ತುಹಾಕಿ ಬಿಸಿಲಿಗೆ ಬಿಡ್ತಿದ್ದೆ. ಯಾವ ಮೇಸ್ತ್ರಿನೂ ನನ್ನ ಒಂದು ದಿನಕ್ಕೂ ಇಟ್ಕೊಳ್ತಿರ್ಲಿಲ್ಲ."

ಡಾಕ್ಟರ್ ಕಾಗದ ಬರೆದು ಓದಿ ಹೇಳಿದರು. ಇದು ಅಂಟುವ ರೋಗವಲ್ಲ, ಮಗು ಎಲ್ಲರ ಜೊತೆ ಕೂತು ಓದಬಹುದು, ಬೆವರು ಸರಿಯಾಗಿ ಬರದೆ ಮೈ ಬೇಗ ಕಾಯುವುದರಿಂದ ಬಿಸಿಲಲ್ಲಿ ಬಹಳ ಹೊತ್ತು ನಿಲ್ಲಿಸಬಾರದು, ಇಷ್ಟು. ಗುಣವಾಗಿದೆ ಎಂದು ಅದರಲ್ಲಿ ಇರಲಿಲ್ಲ.

ಸಂಜೆ ರವಿಕುಮಾರ್ ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಕೆಂಪಕ್ಕ, "ಪ್ಯಾಂಟು ಎತ್ತೋ," ಎಂದಳು. ಮಗನ ಕಾಲಲ್ಲೂ ತೆಳುವಾಗಿ ಅದೇ ಗೆರೆ. "ಟೆಂಪೋದಲ್ಲಿ ಓಡಾಡಿ ಧೂಳು ಹಿಡಿದಿದೆ ಅಂದ್ಕೊಂಡಿದ್ದೆನಮ್ಮ," ಎಂದ ಅವನು. ಅಂತೂ ಅವನಿಗೂ ಒಂದು ಡಬ್ಬಿ ವ್ಯಾಸಲೀನ್ ಬಂತು.

ಕಾಗದ ನೋಡಿ ಅವನು ಒಂದು ಉಪಾಯ ಹೇಳಿದ. "ನನಗೆ ಗೊತ್ತಿರೋ ಒಂದು ಕ್ಲಿನಿಕ್ ಇದೆ. ಗುಣ ಆಗಿದೆ ಅಂತ ಬರೆಸ್ಕೊಂಡು ಬಂದ್ಬಿಡ್ತೀನಿ. ಕೆಲಸ ಮುಗೀತು."

"ಬ್ಯಾಡ," ಎಂದಳು ಕೆಂಪಕ್ಕ. "ಸುಳ್ಳು ಕಾಗದ ಕೊಟ್ರೆ ಮುಂದಿನ ಚಳಿಗೆ ಮಗೀಗೆ ಮತ್ತೆ ಚಾಪೆ. ನಿಜ ಹೇಳೇ ಒಳಗೆ ಕೂರಿಸ್ತೀನಿ."

ಮಾರನೇ ದಿನ ಶಾಲೆಯಲ್ಲಿ ಪರಮಶಿವಯ್ಯನವರು ಕೆಂಪಕ್ಕ ಅಂದುಕೊಂಡಂತೆಯೇ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಗುಣ ಆಗಿದೆ ಅಂತ ಇಲ್ವಲ್ಲಮ್ಮ. ಬೇರೆ ಪೇರೆಂಟ್ಸ್‌ಗೆ ನಾನೇನು ಹೇಳ್ಲಿ?"

"ನೀವು ಹೇಳೋದು ಬ್ಯಾಡ ಸಾರ್. ಅವ್ರೆಲ್ಲಾ ಸೇರೋ ದಿನ ಯಾವತ್ತು ಹೇಳಿ."

ಎರಡು ವಾರ ಬಿಟ್ಟು ಶನಿವಾರ ಮೈತ್ರಿಯ ತರಗತಿಯಲ್ಲೇ ಪೋಷಕರ ಸಭೆ. ಆ ಎರಡು ವಾರವೂ ಕೆಂಪಕ್ಕ ಒಂದು ಹೊತ್ತೂ ತಪ್ಪಿಸಲಿಲ್ಲ. ಮೊದಲು ನೀರು, ಆಮೇಲೆ ಎಣ್ಣೆ. ಮೈತ್ರಿಯ ಬಿರುಕು ಮುಚ್ಚಿತು. ಹುರುಪೆ ಮೆತ್ತಗಾಯಿತು, ಹೋಗಲಿಲ್ಲ. ಮುಖ್ಯವಾಗಿ ಬಚ್ಚಲಿನಲ್ಲಿ ಅಳು ನಿಂತಿತು.

ಸಭೆಗೆ ಕೆಂಪಕ್ಕ ಮೈತ್ರಿಯ ಜೊತೆ ಪಿಳ್ಳಪ್ಪನನ್ನೂ ಕರೆದುಕೊಂಡು ಹೋದಳು. ಯಾಕೆಂದು ಅವನಿಗೆ ಹೇಳಿರಲಿಲ್ಲ. ಜೊತೆಗೆ ಬಂದಿದ್ದ ದಾನಮ್ಮ ಡಾಕ್ಟರ ಕಾಗದವನ್ನು ಎಲ್ಲರಿಗೂ ಓದಿದಳು. ಜನ ಗುಸುಗುಸು ಮಾಡಿದರು. ಮೈತ್ರಿಯ ಬೆಂಚಿನಲ್ಲಿ ಕೂರುತ್ತಿದ್ದ ಪ್ರಿಯಾಂಕಾಳ ತಾಯಿ ಎದ್ದು, "ಕಾಗದ ಸರಿ. ನಾಳೆ ನಮ್ಮ ಮಗೂಗೆ ಬಂದ್ರೆ?" ಎಂದಳು.

ಕೆಂಪಕ್ಕ ಮುಂದೆ ಬಂದು ಸೀರೆಯನ್ನು ಮೊಣಕಾಲವರೆಗೆ ಎತ್ತಿ ನಿಂತಳು.

"ನೋಡವ್ವ, ನಂಗೂ ಅದೇ ಐತೆ. ಅರವತ್ತು ವರ್ಷದಿಂದ ಐತೆ. ಈ ಇಸ್ಕೂಲ್ ಗೋಡೆಗೆ ಇಟ್ಟಿಗೆ ಹೊತ್ತೋಳು ನಾನೇ. ನಿಮ್ ಮಕ್ಕಳು ದಿನಾ ಒರಗಿ ಕೂರ್ತಾರಲ್ಲ, ಯಾರಿಗಾದ್ರೂ ಬಂತಾ? ಇನ್ನೂ ಅನುಮಾನ ಇದ್ರೆ ಇಲ್ಲಿ ನೋಡಿ. ರೀ, ಪಂಚೆ ಎತ್ರಿ."

ಪಿಳ್ಳಪ್ಪ ಕಕ್ಕಾಬಿಕ್ಕಿಯಾಗಿ ಹೆಂಡತಿಯ ಮುಖ ನೋಡಿದ. ಹೆಂಡತಿ ಕಣ್ಣಲ್ಲೇ ಗದರಿದಳು. ಅವನು ಪಂಚೆ ಎತ್ತಿದ. ನುಣುಪಾದ ಕಾಲು.

"ನಲವತ್ತು ವರ್ಷ ಒಂದೇ ಚಾಪೆ, ಒಂದೇ ಕಂಬಳಿ. ಇವ್ರಿಗೇ ಅಂಟದೇ ಇರೋದು ನಿಮ್ ಮಗೀಗೆ ಬೆಂಚಲ್ಲಿ ಕೂತ್ರೆ ಅಂಟ್ತದಾ?"

ಯಾರೋ ನಕ್ಕರು. ಪ್ರಿಯಾಂಕಾಳ ತಾಯಿಗೂ ನಗು ತಡೆಯಲಾಗಲಿಲ್ಲ. ಪರಮಶಿವಯ್ಯನವರು ಮಾತ್ರ, "ಆಯ್ತಮ್ಮ, ಒಂದು ತಿಂಗಳು ಬಾಗಿಲ ಹತ್ರಾನೇ ಕೂತಿರ್ಲಿ, ಆಮೇಲೆ ನೋಡೋಣ," ಎಂದು ಎಳೆದರು.

ಆಗ ಪಿಳ್ಳಪ್ಪ ಪಂಚೆ ಇಳಿಬಿಟ್ಟು ಮಾತಾಡಿದ. ಅವನು ನಾಲ್ಕು ಜನರ ಮುಂದೆ ಮಾತಾಡಿದ್ದನ್ನು ಕೆಂಪಕ್ಕ ಅದುವರೆಗೆ ನೋಡಿರಲಿಲ್ಲ.

"ಸಾರ್, ನಾನು ಮೂರು ವರ್ಷ ಬಾಗಿಲ ಹತ್ರ ಕೂತು ಓದಿದೋನು. ಅಲ್ಲಿಗೆ ಬೋರ್ಡು ಕಾಣಲ್ಲ, ಎಲ್ಲರ ಬೆನ್ನು ಕಾಣ್ತದೆ. ನನ್ನ ಮೊಮ್ಮಗಳು ಒಳಗೆ ಕೂರ್ತಾಳೆ. ಇವತ್ತೇ."

ಪರಮಶಿವಯ್ಯನವರು ತಲೆ ತಗ್ಗಿಸಿ ಕಾಗದವನ್ನು ಮತ್ತೊಮ್ಮೆ ಓದಿದರು. ಆಮೇಲೆ ತಾವೇ ಎದ್ದು ಹೋಗಿ ಬಾಗಿಲ ಬಳಿಯ ಚಾಪೆಯನ್ನು ಸುತ್ತಿಟ್ಟರು. ತಾಯಿಯ ಜೊತೆ ಬಂದಿದ್ದ ಪ್ರಿಯಾಂಕಾ ಬೆಂಚಿನಲ್ಲಿ ಸರಿದು ಜಾಗ ಮಾಡಿದಳು. ಮೈತ್ರಿಯ ಕೈ ಮುಟ್ಟಿ, "ನೋಯುತ್ತಾ?" ಎಂದು ಕೇಳಿದಳು. "ಮುಂಚೆ ನೋಯ್ತಿತ್ತು. ಈಗ ಅಜ್ಜಿ ಉಜ್ಜಲ್ಲ," ಎಂದಳು ಮೈತ್ರಿ.

ಈ ಕಥೆ ಕೇಳಿದ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇಂಥ ಮಗು ಇರಬಹುದು. ಅದರ ಮೈಯ ಹುರುಪೆ ಕೊಳೆಯಲ್ಲ, ಶಾಪವಲ್ಲ, ಹೆತ್ತವಳ ತಪ್ಪೂ ಅಲ್ಲ. ಉಜ್ಜಬೇಡಿ. ಕಂಡಕಂಡ ಔಷಧಿ ಹಚ್ಚದೆ, ಚರ್ಮದ ಡಾಕ್ಟರಿಗೆ ಒಮ್ಮೆ ತೋರಿಸಿ. ಸರ್ಕಾರಿ ಆಸ್ಪತ್ರೆಯಲ್ಲೂ ತೋರಿಸಬಹುದು. ಮೈ ಒದ್ದೆ ಇರುವಾಗಲೇ ಎಣ್ಣೆಯೋ ಮುಲಾಮೋ ಹಚ್ಚಿ, ಮಳೆಗಾಲದಲ್ಲೂ ಬಿಡಬೇಡಿ. ಬಿರುಕಿನಲ್ಲಿ ಕೀವು ಬಂದರೆ, ಬಿಸಿಲಿಗೆ ಮಗು ಸುಸ್ತಾದರೆ ಆಸ್ಪತ್ರೆಗೆ ಹೋಗಲು ತಡ ಮಾಡಬೇಡಿ. ನಿಮಗೇ ಅಂಥ ಕಾಲಿದ್ದರೆ ಸೀರೆಯಡಿ ಬಚ್ಚಿಡದೆ ಡಾಕ್ಟರ ಮುಂದೆ ಹೇಳಿ, ಸೊಸೆಯ ಮೇಲೆ ಹೊರಿಸಬೇಡಿ.

ಇನ್ನು ಆ ಮಗು ನಿಮ್ಮ ಮಗುವಿನ ಶಾಲೆಯಲ್ಲಿದ್ದರೆ ನೀವು ಮಾಡಬೇಕಾದ್ದು ಇಷ್ಟೇ. ಬೆಂಚಿನಲ್ಲಿ ಸ್ವಲ್ಪ ಸರಿದು ಕೂತುಕೋ ಎಂದು ನಿಮ್ಮ ಮಗುವಿಗೆ ಹೇಳಿ ಕಳಿಸಿ.