ಮಹಾರಾಣಿಯ ಕುರ್ಚಿ

ವರ್ಷದ ನಡುವೆ ನಾನು ಏಳನೇ ಕ್ಲಾಸಿಗೆ ಬಂದು ಸೇರಿದಾಗ ಬೆಂಚುಗಳೆಲ್ಲ ಭರ್ತಿಯಾಗಿದ್ದವು. ಮಿಸ್ ಆಫೀಸಿನಿಂದ ಒಂದು ಕೈಕುರ್ಚಿ ತರಿಸಿ, ಕೊನೆಯ ಬೆಂಚಿನ ಪಕ್ಕ ಹಾಕಿಸಿ, "ಸದ್ಯಕ್ಕೆ ಅಡ್ಜಸ್ಟ್ ಮಾಡ್ಕೋಮ್ಮ" ಎಂದರು. ಆ ಸದ್ಯ ಮುಗಿಯುವ ಲಕ್ಷಣವೇ ಕಾಣಲಿಲ್ಲ.

ಮೆತ್ತನೆಯ ಸೀಟಿನ ಕುರ್ಚಿ. ಅದಕ್ಕೇ ಕ್ಲಾಸಿನವರು ನನಗೆ ಮಹಾರಾಣಿ ಎಂದು ಹೆಸರಿಟ್ಟರು. ಬೆಂಚಿನ ಮೂವರು ಒತ್ತಿಕೊಂಡು ಕೂತು, ಒಬ್ಬಳ ರಬ್ಬರನ್ನು ಇನ್ನೊಬ್ಬಳು ಕದ್ದು ಕಿಸಕ್ಕೆಂದು ನಗುತ್ತಿದ್ದರೆ, ಮಹಾರಾಣಿ ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯುತ್ತಿದ್ದಳು. ಮನೆಯಲ್ಲಿ ಹೇಳಿದರೆ ಅಮ್ಮ, "ಎಲ್ಲರಿಗೂ ಹಲಗೆ, ನಿಂಗೆ ಮೆತ್ತೆ. ಇನ್ನೇನು ಬೇಕೇ ನಿಂಗೆ?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ನನಗೆ ಬೇಕಿದ್ದದ್ದು ಆ ಹಲಗೆಯೇ.

ಸಾಲದ್ದಕ್ಕೆ, ಶಾಲೆಗೆ ಯಾರೇ ದೊಡ್ಡವರು ಬಂದರೂ ಪ್ಯೂನ್ ಅಣ್ಣ ಬಂದು ಕುರ್ಚಿ ಎತ್ತಿಕೊಂಡು ಹೋಗುತ್ತಿದ್ದ. ಅವರು ಹೊರಡುವವರೆಗೆ ನಾನು ಗೋಡೆಗೆ ಒರಗಿ ನಿಲ್ಲಬೇಕು. ಹೋಮ್‌ವರ್ಕ್ ಮಾಡದವರನ್ನು ನಿಲ್ಲಿಸುವುದೂ ಅದೇ ಗೋಡೆಗೆ. ನನ್ನ ಮೈಯೆಲ್ಲ ಉರಿಯುತ್ತಿತ್ತು.

ಮೊನ್ನೆ ಮತ್ತೆ ಬಂದ. "ಏಳಮ್ಮ ಮಹಾರಾಣಿ, ಆಫೀಸಿಗೆ ಯಾರೋ ಬಂದಿದಾರೆ."

"ತಗೊಂಡ್ಹೋಗಣ್ಣ" ಎಂದು ಎದ್ದೆ. ಆದರೆ ಗೋಡೆಯ ಕಡೆ ಹೋಗಲಿಲ್ಲ. ಬ್ಯಾಗು ಎತ್ತಿಕೊಂಡು, ಬೆಂಚಿನ ತುದಿಯಲ್ಲಿದ್ದ ಉದ್ದಜಡೆಯವಳಿಗೆ, "ಜರುಗು" ಎಂದೆ.

"ಜಾಗ ಎಲ್ಲಿದೆಯೇ?"

"ನೀನು ಜರುಗಿದ್ರೆ ಇರುತ್ತೆ."

ಅವಳು ಮಿಸ್ ಮುಖ ನೋಡಿದಳು. "ಏನಮ್ಮ ಅದು ಗಲಾಟೆ? ಸ್ವಲ್ಪ ಹೊತ್ತು ನಿಂತ್ಕೊಂಡ್ರೆ ಕಾಲು ಬಿದ್ದು ಹೋಗುತ್ತಾ?" ಎಂದರು ಮಿಸ್.

"ನಿಂತ್ಕೊಳ್ಳೋಕೆ ನಾನೇನು ತಪ್ಪು ಮಾಡಿದೀನಿ ಮಿಸ್?"

ಸಿಕ್ಕ ಅಂಗೈಯಗಲದ ಜಾಗದಲ್ಲೇ ಅಂಡೂರಿ ಕೂತೇಬಿಟ್ಟೆ. ಮಿಸ್ ಬೋರ್ಡಿನ ಕಡೆ ತಿರುಗಿದರು. ಉದ್ದಜಡೆ ಗೊಣಗುತ್ತಾ ಒಂದು ಗೇಣು ಜರುಗಿದಳು. ಆ ತುದಿಯವಳ ಪೆನ್ಸಿಲ್ ಡಬ್ಬಿ ದಡಾರನೆ ಕೆಳಗೆ ಬಿತ್ತು.

ಮಧ್ಯಾಹ್ನ ಪ್ಯೂನ್ ಅಣ್ಣ ಕುರ್ಚಿ ವಾಪಸ್ ತಂದ. "ಎಲ್ಲಿ ಹಾಕ್ಲಿ?"

"ಬೇಡಣ್ಣ. ಅದು ಬಂದು ಹೋಗೋರಿಗೆ. ನಾನು ಈ ಕ್ಲಾಸಿನೋಳು."

"ಹೌದೌದು, ನಮ್ಮ ತಲೆ ಮೇಲೇ ಕೂತಿದಾಳೆ" ಎಂದು ಉದ್ದಜಡೆ ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದಳು. ಸಾಕಷ್ಟು ಜೋರಾಗಿಯೇ ತಿವಿದಳು. ನಾನೂ ಬಿಡಲಿಲ್ಲ, ತಿರುಗಿಸಿ ತಿವಿದೆ.