ಅರ್ಧ ಬಾಡಿದ ಎಲೆ

ಮಧ್ಯರಾತ್ರಿ ದಾಟಿದ ಮೇಲೆ ತಾರಸಿಯಿಂದ ನೀರು ತೊಟ್ಟಿಕ್ಕುವ ಸದ್ದು ಕೇಳಿಸಿತು. ಇರುವೆ ನಡೆದರೂ ಎಚ್ಚರವಾಗುವ ಜೀವ ಅವಳದು. ಮೆಟ್ಟಿಲು ಹತ್ತಿ ನೋಡಿದರೆ, ಅತ್ತೆ ಟೊಮ್ಯಾಟೊ ಕುಂಡಗಳಿಗೆ ಚೊಂಬಿನಿಂದ ನೀರು ಹನಿಸುತ್ತಿದ್ದರು.

“ಈ ಹೊತ್ನಲ್ಲಿ ಇದೇನತ್ತೆ?”

“ನಿದ್ದೆ ಬರ್ಲಿಲ್ಲ ಕಣೆ. ಬೆಳಿಗ್ಗೆಯಿಂದ ತಲೆ ಬಗ್ಗಿಸ್ಕೊಂಡು ನಿಂತಿವೆ. ನನ್ನ ಮಗನ ಹಾಗೇ ಇವೂನೂ, ಎಷ್ಟು ಹಾಕಿದ್ರೂ ಮೈಗೆ ಹತ್ತಲ್ಲ.”

ನಗುತ್ತಲೇ ಮೊಬೈಲಿನ ಬೆಳಕು ಹಿಡಿದಳು. ನಗು ಅಲ್ಲೇ ನಿಂತಿತು. ಎಲೆಯ ಒಂದು ಮಗ್ಗುಲು ಬಾಡಿ ಅಂಚು ಸುಟ್ಟಂತಿತ್ತು. ಇನ್ನೊಂದು ಹಸಿರಾಗಿಯೇ ಇತ್ತು. ಬಾಯಾರಿದ ಗಿಡ ಹೀಗೆ ಅರ್ಧಕ್ಕೆ ಬಾಡುವುದಿಲ್ಲ. ಕಾಂಡವೊಂದನ್ನು ಮುರಿದು ಉಗುರಿನಿಂದ ಸೀಳಿದಳು. ಒಳಗೆ ತುಕ್ಕಿನ ಬಣ್ಣದ ಗೆರೆ.

ಬೀಜದ ಜೊತೆಗೇ ಬರುವ ರೋಗ ಅದು. ಅದನ್ನು ಹಿಡಿಯುವುದೇ ಬೀಜ ಪರೀಕ್ಷೆಯ ಲ್ಯಾಬಿನಲ್ಲಿ ಅವಳ ಕೆಲಸ. ಈ ಬೀಜವನ್ನು ಪರೀಕ್ಷಿಸಿ, ರೋಗವಿಲ್ಲವೆಂದು ಸಹಿ ಹಾಕಿದವಳೂ ಅವಳೇ. ರೋಗಾಣು ನೀರಿಗಿಳಿಯಲು ರಾತ್ರಿಯಿಡೀ ನೆನೆಯಬೇಕಾದ ಬೀಜವನ್ನು ಅಂದು ಸಂಜೆಗೇ ತೆಗೆದು ಅರೆದು, ಆ ನೀರನ್ನು ತಟ್ಟೆಗಳಿಗೆ ಸವರಿ ಮುಗಿಸಿದ್ದಳು. ಮರುದಿನ ಅತ್ತೆಯ ಕಣ್ಣಿನ ಆಪರೇಷನ್ ಇತ್ತು. ತಟ್ಟೆಗಳಲ್ಲಿ ಯಾವ ರೋಗಾಣುವೂ ಬೆಳೆಯಲಿಲ್ಲ. ಪರೀಕ್ಷೆ ಮುಗಿದು ಉಳಿದ ಬೀಜ ಸುಡಬೇಕೆಂಬುದು ನಿಯಮ. ಒಳ್ಳೆಯ ಬೀಜ ಸುಡಲು ಮನಸ್ಸು ಬಾರದೆ, ಕಪ್ಪು ಕನ್ನಡಕ ಹಾಕಿಕೊಂಡು ಒಳಗೇ ಕೂತು ಬೇಸತ್ತಿದ್ದ ಅತ್ತೆಗೆಂದು ಒಂದು ಚಿಟಿಕೆ ಮನೆಗೆ ತಂದಿದ್ದಳು. ಅದೇ ಬೀಜದ ಮೂಟೆಗಳು ಅವಳ ಸಹಿಯ ಬಲದಿಂದ ಅಂಗಡಿ ಸೇರಿದ್ದವು. ಇಷ್ಟರಲ್ಲಿ ಆ ಬೀಜ ಎಷ್ಟು ಹೊಲಗಳಲ್ಲಿ ಮೊಳೆತಿದೆಯೋ.

“ನಿಮ್ ಲ್ಯಾಬಿಗೇ ಒಂದು ಗಿಡ ತಗೊಂಡ್ಹೋಗಿ ತೋರ್ಸೇ. ನಿಮ್ದೇ ಬೀಜ ಅಲ್ವಾ?”

ಅವಳು ಸೀಳಿದ ಕಾಂಡವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. “ಬೇಡ ಅತ್ತೆ. ನೀರು ಜಾಸ್ತಿಯಾಗಿ ಬೇರು ಕೊಳೆತಿದೆ, ಅಷ್ಟೇ.”

ಅತ್ತೆ ಚೊಂಬು ಕೆಳಗಿಟ್ಟರು. “ಹಾಗಾದ್ರೆ ನಾನೇ ಕೊಂದೆ ಅನ್ನು. ನನ್ ಕೈಗುಣಾನೇ ಅಷ್ಟು.”

ಅಲ್ಲ ಎನ್ನಲು ಒಂದು ಮಾತು ಸಾಕಿತ್ತು. ಅವಳು ಬಗ್ಗಿ ಚೊಂಬನ್ನು ಪಕ್ಕಕ್ಕಿಟ್ಟಳು. ಅತ್ತೆ ಗೋಡೆ ಹಿಡಿದು ಇಳಿದುಹೋದರು.

ಗಿಡಗಳನ್ನೆಲ್ಲ ಮಣ್ಣು ಸಮೇತ ಕಿತ್ತು ಚೀಲಕ್ಕೆ ತುಂಬಿ ಬಿಗಿದಳು. ಬೆಳಿಗ್ಗೆ ಲ್ಯಾಬಿನಲ್ಲಿ ಮೇಲಿನವರಿಗೆ ಹೇಳಿದರೆ ಮಾರಾಟ ನಿಲ್ಲುತ್ತದೆ, ಬಿತ್ತಿದವರಲ್ಲಿ ಕೆಲವರ ಬೆಳೆಯಾದರೂ ಉಳಿಯುತ್ತದೆ. ಆದರೆ ಆ ಬೀಜ ನಿನ್ನ ತಾರಸಿಗೆ ಹೇಗೆ ಬಂತು ಎನ್ನುತ್ತಾರೆ. ಎಷ್ಟು ಹೊತ್ತು ನೆನೆಸಿದ್ದೆ ಎಂದೂ ಕೇಳುತ್ತಾರೆ. ಆಮೇಲೆ ಲ್ಯಾಬಿನ ಹೊಸಿಲು ತುಳಿಯಲೂ ಬಿಡುವುದಿಲ್ಲ.

ಹಾಸಿಗೆಗೆ ಬಂದಾಗ ಗಂಡ ನಿದ್ದೆಗಣ್ಣಲ್ಲೇ, “ಏನಾಯ್ತೇ?” ಎಂದ.

“ಏನಿಲ್ಲ, ಮಲ್ಕೊಳ್ಳಿ.”

ಇವನಿಗೂ ಹೇಳುವುದಿಲ್ಲ, ಅತ್ತೆಗೂ ಇಲ್ಲ, ಲ್ಯಾಬಿನಲ್ಲಂತೂ ಇಲ್ಲವೇ ಇಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡು, ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದಳು.