ದೇವರ ಮನೆಯ ಹಿಂಗೋಡೆ

ಫಕೀರಪ್ಪ ಬಡಿದ ಗೂಟದಲ್ಲಿ ಕೊರತೆ ಹುಡುಕುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ ಅವನು ಮಿಕ್ಕ ವಿಷಯಗಳಲ್ಲಿ ಹಸುವಿನಂಥ ಮನುಷ್ಯ. ಗೂಟದ ಮಾತು ಬಂದರೆ ಮಾತ್ರ ಮೀಸೆ ಕುಣಿಯುತ್ತಿತ್ತು. ಬಾದಾಮಿ ಕಡೆಯ ಅವನ ಊರಿನ ಮನೆಯಲ್ಲಿ ಅಪ್ಪ ಸಾಗವಾನಿ ಗೂಟ ಬಡಿದು ಅದಕ್ಕೆ ನೊಗ, ಮಿಣಿ, ಬೀಜದ ಜೋಳದ ಚೀಲ ಎಲ್ಲವನ್ನೂ ತೂಗುಹಾಕುತ್ತಿದ್ದನಂತೆ. ಒಂದಾದರೂ ಕಿತ್ತು ಬಂದದ್ದುಂಟೇ? ಇಲ್ಲ, ಬಂದಿರಲಿಕ್ಕಿಲ್ಲ. ಆದರೆ ಅದು ಮೊಳಗಟ್ಟಲೆ ದಪ್ಪದ ಕಲ್ಲು ಮಣ್ಣಿನ ಗೋಡೆ. ಪುಣೆಯ ಕೊಂಢವಾದಲ್ಲಿದ್ದ ಈ ಮನೆಯದು ಇಟ್ಟಿಗೆಯ ಗೋಡೆ, ಮೇಲೆ ಸಿಮೆಂಟಿನ ತೆಳು ಗಿಲಾವು. ಗೋಡೆ ಗೋಡೆಗೂ ವ್ಯತ್ಯಾಸವಿದೆ ಅಂತ ಅವನಿಗೆ ಹೇಳುವವರು ಯಾರು?

ಆ ಗೂಟಕ್ಕೆ ಈಗ ನೇತುಬಿದ್ದದ್ದು ಅವನ ಹೆಂಡತಿ ಶೈಲಾಳ ನೌಕರಿ.

ಬಿ.ಎ. ಮುಗಿಸಿದ್ದ ಶೈಲಾಳಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು, ಬೆರಳುಗಳು ಕೀಲಿಮಣೆಯ ಮೇಲೆ ಓಡುತ್ತಿದ್ದವು. ಪರದೇಶದ ಡಾಕ್ಟರುಗಳು ಹೇಳಿ ಕಳಿಸಿದ್ದನ್ನು ಕೇಳಿ ಟೈಪು ಮಾಡಿಕೊಡುವ ಯೆರವಡಾದ ಕಂಪನಿಯೊಂದರಲ್ಲಿ ಅವಳು ಕೆಲವು ತಿಂಗಳು ಕೆಲಸ ಮಾಡಿದ್ದಳು ಕೂಡ. ಅತ್ತೆ ಸಾವಂತ್ರವ್ವನ ಮೊಣಕಾಲು ಕೈಕೊಟ್ಟ ಮೇಲೆ ಬಿಡಬೇಕಾಯಿತು. ಬಿಟ್ಟ ದಿನ ಅವಳು ಯಾರಿಗೂ ಕಾಣದಂತೆ ಬಚ್ಚಲಲ್ಲಿ ನಿಂತು ಅತ್ತಿದ್ದಳು. ಅತ್ತೆಯ ಮೇಲಾಗಲಿ ಗಂಡನ ಮೇಲಾಗಲಿ ಅವಳಿಗೆ ಸಿಟ್ಟಿರಲಿಲ್ಲ. ತನ್ನ ಕೈಯಲ್ಲಿದ್ದ ವಿದ್ಯೆ ಹಿಟ್ಟು ನಾದುವುದರಲ್ಲೇ ಸವೆದುಹೋಗುತ್ತದಲ್ಲ ಎಂಬ ಸಂಕಟ, ಅಷ್ಟೆ.

ಅದೇ ಕಂಪನಿಯವರು 2006ರ ಬೇಸಿಗೆಯಲ್ಲಿ ಹೊಸದೊಂದು ಯೋಜನೆ ತೆಗೆದರು. ಆಯ್ದ ಕೆಲವು ಹೆಂಗಸರು ಮನೆಯಿಂದಲೇ ಕೆಲಸ ಮಾಡಬಹುದು. ಕಂಪ್ಯೂಟರ್, ಕರೆಂಟು ಹೋದರೆ ಸ್ವಲ್ಪ ಹೊತ್ತು ನಡೆಸುವ ಬ್ಯಾಟರಿ, ಇಂಟರ್ನೆಟ್ಟಿಗೆ ಗೋಡೆಯ ಹೊರಗೆ ಕೂರಿಸುವ ಬಿಳಿ ಡಬ್ಬಿ, ಎಲ್ಲ ಕಂಪನಿಯದೇ. ಡಬ್ಬಿಗೆ ದೂರದ ಟವರು ನೇರವಾಗಿ ಕಾಣಬೇಕು, ಒಂದಿಷ್ಟೂ ಅಲುಗಾಡಬಾರದು. ಮೊದಲು ಕೆಲವು ವಾರ ಪರೀಕ್ಷೆ. ಅಷ್ಟರಲ್ಲಿ ಲೈನು ಮೂರು ಸಲ ಕಡಿದರೆ ಸಾಮಾನೆಲ್ಲ ವಾಪಸು, ಜಾಗ ಬೇರೆಯವರಿಗೆ.

ಕೊಂಢವಾದಲ್ಲಿ ಆಗ ಎಲ್ಲಿ ನೋಡಿದರೂ ಕಟ್ಟಡಗಳು ಏಳುತ್ತಿದ್ದವು. ಶೈಲಾಳ ಮನೆಯ ಒಂದೇ ಒಂದು ಗೋಡೆಯಿಂದ, ಎರಡು ಹೊಸ ಬಿಲ್ಡಿಂಗುಗಳ ನಡುವಿನ ಕಿಂಡಿಯಲ್ಲಿ, ಆ ಟವರು ಕಾಣುತ್ತಿತ್ತು. ಅದು ದೇವರ ಮನೆಯ ಹಿಂಗೋಡೆ. ಒಳಗೆ ಅದಕ್ಕೇ ಆತುಕೊಂಡು ದೇವರ ಜಗಲಿ, ಅಂದರೆ ಬಸವಣ್ಣ, ಯಲ್ಲಮ್ಮ, ಬನಶಂಕರಿ, ವೀರಭದ್ರ ಎಲ್ಲರೂ ಸಾಲಾಗಿ ಕೂತ ಕಲ್ಲಿನ ಕಟ್ಟೆ. ಡಬ್ಬಿ ಕೂರಿಸಲು ಬಂದ ಹುಡುಗ ಡ್ರಿಲ್ಲಿಂಗ್ ಮಷಿನ್ನು ಹೊರತೆಗೆದದ್ದೇ ತಡ, ಸಾವಂತ್ರವ್ವ ಬಾಗಿಲಿಗೆ ಅಡ್ಡ ನಿಂತಳು.

"ದೇವ್ರ ಬೆನ್ನಿಗೆ ತೂತ ಕೊರಿತೀರೇನು? ಜಗಲಿ ಗಡಗಡ ನಡಗತದ. ನನ್ನ ಜೀವ ಇರೂತನಕ ಆಗೂದಿಲ್ಲ."

ತಾಯಿಯ ಮಾತೂ ಉಳಿಯಬೇಕು, ಹೆಂಡತಿಯ ಡಬ್ಬಿಯೂ ಕೂರಬೇಕು. ಫಕೀರಪ್ಪನಿಗೆ ಹೊಳೆದದ್ದು ಅಪ್ಪನ ಗೂಟ. ಮಷಿನ್ನು ಬೇಡ, ಮೆಲ್ಲಗೆ ಚಾಣದಿಂದ ಕೆತ್ತಿ ಗೂಟ ಬಡಿದರೆ ದೇವರಿಗೂ ಗೊತ್ತಾಗುವುದಿಲ್ಲ ಎಂದ. ಬಡಿದ. ಡಬ್ಬಿಯ ಕಬ್ಬಿಣದ ಪಟ್ಟಿಯನ್ನು ಗೂಟಕ್ಕೆ ಸ್ಕ್ರೂ ಹಾಕಿ ಕೂರಿಸಿ ಕೈ ಝಾಡಿಸಿಕೊಂಡ. "ಇನ್ನ ಆನಿ ಬಂದು ಎಳದ್ರೂ ಬರೂದಿಲ್ಲ ನೋಡು."

ಆನೆ ಬರಲಿಲ್ಲ, ಒಂದು ಅಡ್ಡಮಳೆ ಬಂತು. ಗೂಟ ನೀರು ಕುಡಿದು ಉಬ್ಬಿತು, ಗಿಲಾವು ಬಿರುಕು ಬಿಟ್ಟಿತು. ಮರುದಿನದ ಬಿಸಿಲಿಗೆ ಅದೇ ಗೂಟ ಒಣಗಿ ಸಡಿಲಾಯಿತು. ಗಾಳಿ ಬೀಸಿದಾಗಲೆಲ್ಲ ಡಬ್ಬಿ ಇಲ್ಲವೆಂಬಂತೆ ತಲೆಯಾಡಿಸತೊಡಗಿತು. ಲೈನು ಒಂದು ಸಲ ಕಡಿಯಿತು. ಫಕೀರಪ್ಪ ಗೂಟದ ಸಂದಿಗೆ ಚಕ್ಕೆ ಹೆಟ್ಟಿದ. ಮತ್ತೊಂದು ಸಲ ಕಡಿಯಿತು.

ಕಂಪನಿಯ ಈ ಯೋಜನೆಯನ್ನು ನೋಡಿಕೊಳ್ಳುತ್ತಿದ್ದವಳು ಉಡುಪಿ ಕಡೆಯ ಅಪೇಕ್ಷಾ. ಒಳ್ಳೆಯ ಹುಡುಗಿ. ಫೋನಿನಲ್ಲಿ ಅವಳ ದನಿ ಸಣ್ಣಗಾಗಿತ್ತು. "ಶೈಲಾ ಮೇಡಂ, ಇನ್ನು ನನ್ನ ಕೈಯಲ್ಲಿಲ್ಲ ಮಾರಾಯ್ರೆ. ಸೋಮವಾರ ಮಧ್ಯಾಹ್ನ ಕಡೇ ಫೈಲು. ಅದು ಸರಿಯಾಗಿ ಬಂದರೆ ಕೆಲಸ ನಿಮ್ಮದು. ಲೈನ್ ಹೋಯ್ತಾ, ಮುಗೀತು."

ಶುಕ್ರವಾರ ರಾತ್ರಿ ಊಟಕ್ಕೆ ಕೂತಾಗ ಶೈಲಾ ಗಂಡನಿಗೆ ಹೇಳಿದಳು: "ರೀ, ಗೂಟ ಸಾಕ್ರಿ. ಮಷಿನ್ ಹಚ್ಚಿ ಬೋಲ್ಟ್ ಹಾಕೂಣ."

"ಗೂಟದ್ದೇನೂ ತಪ್ಪಿಲ್ಲ. ಗಾಳಿ ಭಾಳ ಅದ," ಎಂದ ಫಕೀರಪ್ಪ. ಸಾವಂತ್ರವ್ವ ರೊಟ್ಟಿ ಮುರಿಯುತ್ತಾ ಒಂದೇ ಮಾತು ಅಂದಳು: "ಜಗಲಿ." ಅಲ್ಲಿಗೆ ಮಾತು ಮುಗಿಯಿತು.

ಶನಿವಾರ ಬೆಳಿಗ್ಗೆ ಫಕೀರಪ್ಪ ಮಾರ್ಕೆಟ್ ಯಾರ್ಡಿಗೆ ಹೋದ. ಮರುದಿನ ಕಾರಹುಣ್ಣಿವೆ. ಪುಣೆಯಲ್ಲಿ ಬಣ್ಣ ಹಚ್ಚಲು ಎತ್ತುಗಳೆಲ್ಲಿ ಬರಬೇಕು? ಆದರೂ ಸಾವಂತ್ರವ್ವ ಹಬ್ಬದ ಹಿಂದಿನ ದಿನದ ದೇವರ ಮಜ್ಜನ ಬಿಟ್ಟವಳಲ್ಲ. ಜಗಲಿಯ ದೇವರುಗಳನ್ನೆಲ್ಲ ಒಂದೊಂದಾಗಿ ಇಳಿಸಿ, ಪಡಸಾಲೆಗೆ ತಂದು ಹಿತ್ತಾಳೆಯ ದೊಡ್ಡ ಪರಾತದಲ್ಲಿ ಮಲಗಿಸಿ, ಹುಣಸೇಹಣ್ಣು ಹಚ್ಚಿ ತಿಕ್ಕಲು ಕೂತಳು. ಖಾಲಿ ಜಗಲಿಯನ್ನು ಒರೆಸುವುದು ಸೊಸೆಯ ಕೆಲಸ.

ಒದ್ದೆ ಬಟ್ಟೆ ಹಿಡಿದು ದೇವರ ಮನೆಗೆ ಹೋದ ಶೈಲಾ ಅಲ್ಲೇ ನಿಂತುಬಿಟ್ಟಳು. ಕುಂಕುಮದ ಕಲೆ ಬಿಟ್ಟರೆ ಜಗಲಿಯ ಮೇಲೆ ಏನೂ ಇರಲಿಲ್ಲ. ಹಿಂದೆ ಬರಿಯ ಸುಣ್ಣದ ಗೋಡೆ. ಪಡಸಾಲೆಗೆ ಬಂದು ಅತ್ತೆಯ ಎದುರು ಕುಕ್ಕರಗಾಲಲ್ಲಿ ಕೂತಳು.

"ಅತ್ತಿ, ಒಂದ್ ಮಾತ ಕೇಳ್ಲೇನ್ರಿ? ದೇವ್ರು ಈಗ ಎಲ್ಲಿ ಅದಾರ್ರಿ?"

"ಕಣ್ಣ ಕಾಣಸೂದಿಲ್ಲೇನು? ಪರಾತದಾಗ ಅದಾರ."

"ಹಂಗಾರ ಜಗಲಿ ಮ್ಯಾಲ ಯಾರೂ ಇಲ್ಲಲ್ರಿ. ಅವ್ರು ತಿರುಗಿ ಹೋಗಿ ಕೂಡೂತನಕ ಅದು ಬರೇ ಗ್ವಾಡಿ ಹೌದಲ್ರಿ?"

ಬಸವಣ್ಣನ ಕೊಂಬಿನ ಮೇಲಿದ್ದ ಸಾವಂತ್ರವ್ವನ ಹೆಬ್ಬೆರಳು ನಿಂತಿತು. ಸೊಸೆಯ ಮುಖವನ್ನು ನೋಡಿದಳು. ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು. ಈ ಹುಡುಗಿ ನೌಕರಿ ಬಿಟ್ಟು ತನ್ನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂತದ್ದು ಮುದುಕಿಗೆ ಗೊತ್ತಿರಲಿಲ್ಲವೆಂದಲ್ಲ. ಬಾಯಿಬಿಟ್ಟು ಹೇಳುವ ರೂಢಿ ಇರಲಿಲ್ಲ.

"ದೇವ್ರ ಜಳಕಾ ಮುಗಿಯೂದ್ರಾಗ ಮುಗಸ್ತಿ?" ಎಂದಳು.

ಶೈಲಾ ಓಡಿದಳು ಅಂದರೆ ಓಡಿದಳು. ಪಕ್ಕದ ಮನೆಯ ರಂಗೂಬಾಯಿಯ ಗಂಡ ಹೊಸ ಬಿಲ್ಡಿಂಗುಗಳಿಗೆ ಕಿಟಕಿ ಕೂರಿಸುತ್ತಿದ್ದ. ಅವನು ಊರಲ್ಲಿರಲಿಲ್ಲ, ಮಷಿನ್ನು ಮನೆಯಲ್ಲಿತ್ತು. ರಂಗೂಬಾಯಿ ಏನು, ಎತ್ತ ಎಂದು ಕೇಳದೆ ಮಷಿನ್ನು, ಏಣಿ, ಗೋಡೆಯೊಳಗೆ ಹಿಗ್ಗಿ ಕೂರುವ ಬೋಲ್ಟುಗಳು ಎಲ್ಲವನ್ನೂ ತಂದು ಏಣಿ ಹಿಡಿದು ನಿಂತಳು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಶೈಲಾ ಏಣಿ ಹತ್ತಿದಳು.

ಡಬ್ಬಿಯ ಜೊತೆ ಬಂದಿದ್ದ ಸೂಚನೆಗಳನ್ನು ಅವಳು ಹಾಸಿಗೆಯಲ್ಲಿ ಮಲಗಿ ಮಂತ್ರದಂತೆ ಓದಿಕೊಂಡಿದ್ದಳು. ಡಬ್ಬಿಯನ್ನು ಬಿಚ್ಚಿ ರಂಗೂಬಾಯಿಯ ಕೈಗೆ ಕೊಟ್ಟು, ಗೂಟ ಹಿಡಿದು ಎಳೆದಳು. ಹಾಲುಹಲ್ಲಿನಂತೆ ಕಿತ್ತು ಬಂತು. ಅದರ ಗುಂಡಿ ಬಿಟ್ಟು ಗಿಲಾವು ಗಟ್ಟಿಯಿದ್ದ ಕಡೆ ಸರಿದು, ತುಸು ಕೆರೆದು, ಇಟ್ಟಿಗೆ ಎಲ್ಲಿದೆ, ಸಂದು ಎಲ್ಲಿದೆ ನೋಡಿಕೊಂಡಳು. ಸಂದಿನ ಗಾರೆಯಲ್ಲಿ ಬೋಲ್ಟು ನಿಲ್ಲುವುದಿಲ್ಲ, ಇಟ್ಟಿಗೆಯ ನಟ್ಟನಡುವೆ ಕೊರೆಯಬೇಕು. ಮಷಿನ್ನಿನ ಗುಂಡಿ ಒತ್ತಿದಾಗ ಕೈಯಷ್ಟೇ ಅಲ್ಲ, ಹಲ್ಲೂ ನಡುಗಿದವು. ಕೆಂಪು ಪುಡಿ ಮುಖಕ್ಕೆಲ್ಲ ರಾಚಿತು. ಮೊದಲ ತೂತು ಆಗುವಾಗ ಭಯವಿತ್ತು. ಎರಡನೆಯದಕ್ಕೆ ಭಯ ಹೋಯಿತು, ಮೂರನೆಯದಕ್ಕೆ ಖುಷಿಯಾಗತೊಡಗಿತು. ನಾಲ್ಕನೆಯದು ಮುಗಿದಾಗ ಇನ್ನೊಂದಿದ್ದರೆ ಚೆನ್ನಾಗಿತ್ತು ಅನ್ನಿಸಿತು!

ಊದುಗೊಳವೆಯಿಂದ ತೂತಿನೊಳಗಿನ ಪುಡಿಯನ್ನು ಊದಿ ತೆಗೆದಳು. ಪಟ್ಟಿ ಇಟ್ಟು, ಬೋಲ್ಟು ಹೊಗಿಸಿ, ಪಾನಾ ಹಾಕಿ ತಿರುಗಿಸಿದಳು. ಇನ್ನು ತಿರುಗುವುದಿಲ್ಲ ಅಂದ ಮೇಲೂ ಒಂದು ಸುತ್ತು ತಿರುಗಿಸಿದಳು. ಪಟ್ಟಿ ಹಿಡಿದು ಮೈಭಾರ ಹಾಕಿ ಜಗ್ಗಿದರೆ ಗೋಡೆ ಕಮಕ್ ಕಿಮಕ್ ಅನ್ನಲಿಲ್ಲ.

ಡಬ್ಬಿ ಕೂರಿಸಿ ಟವರಿನ ಕಡೆ ತಿರುಗಿಸುವಾಗ ಒಳಗೆ ಕಂಪ್ಯೂಟರಿನ ಪಕ್ಕದ ಪೆಟ್ಟಿಗೆಯಲ್ಲಿ ಹಸಿರು ದೀಪಗಳು ಎಷ್ಟು ಹತ್ತಿದವು ಎಂದು ಯಾರಾದರೂ ಹೇಳಬೇಕಿತ್ತು. "ಅತ್ತೀ, ದೀಪಾ ನೋಡ್ರಿ!" ಎಂದು ಕೂಗಿದಳು.

"ಒಂದ್ ಅದ... ತಡಿ, ಹೋತು... ಎರಡು... ಸ್ವಲ್ಪ ಆಕಡಿ... ಯವ್ವಾ, ಎಲ್ಲಾ ಹತ್ತಿದ್ವು ನೋಡ!" ಸಾವಂತ್ರವ್ವನ ದನಿ ರಸ್ತೆಯವರೆಗೆ ಕೇಳಿಸಿತು. ಶೈಲಾ ಡಬ್ಬಿಯ ತಿರುಪನ್ನು ಬಿಗಿದಳು. ಮಳೆನೀರು ಒಳಗೆ ಹರಿಯದಂತೆ ವೈರನ್ನು ಕೆಳಗೆ ಜೋಲಿ ಬಿಟ್ಟು ಮೇಲೆತ್ತಿ ಒಳಗೆ ಬಿಟ್ಟಳು, ಸಂದುಗಳಿಗೆಲ್ಲ ಅಂಟು ಮೆತ್ತಿದಳು.

ಇಷ್ಟೆಲ್ಲ ಆಗುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಇಳಿದು ಬಂದರೆ ಸಾವಂತ್ರವ್ವ ತಿರುಗಿ ಪರಾತದ ಮುಂದೆಯೇ ಇದ್ದಳು. ಆಗಲೇ ಹೊಳಪು ಬಂದಿದ್ದ ದೇವರುಗಳಿಗೆ ಮತ್ತೆ ಹುಣಸೇಹಣ್ಣು ಹಚ್ಚಿ, ಮತ್ತೆ ತಿಕ್ಕಿ, ಮತ್ತೆ ತೊಳೆದು ಕೂತಿದ್ದಳು. ನೀರಲ್ಲಿ ನೆನೆದು ಅವಳ ಬೆರಳುಗಳು ಮುದುಡಿದ್ದವು.

"ಇನ್ನೂ ಜಳಕಾ ಮುಗಿದಿಲ್ಲೇನ್ರಿ ಅತ್ತಿ?"

"ಯಲ್ಲಮ್ಮನ ಮೂಗಿನ ಸಂದ್ಯಾಗ ಭಾಳ ಕಿಲುಬು ಇತ್ತು," ಎಂದಳು ಸಾವಂತ್ರವ್ವ, ಸೊಸೆಯ ಮುಖ ನೋಡದೆ. "ಆತೇನು? ಹಂಗಾರ ಏಳು, ಅವರನ್ನ ಒಳಗ ಕೂಡಸೂಣ."

ಶೈಲಾಳಿಗೆ ಅತ್ತೆಯನ್ನು ತಬ್ಬಿಕೊಳ್ಳಬೇಕೆನಿಸಿತು. ಮೈತುಂಬ ಇಟ್ಟಿಗೆ ಪುಡಿ, ಮಡಿಯ ಅತ್ತೆ. ಸುಮ್ಮನೆ ಸ್ನಾನಕ್ಕೆ ಹೋದಳು.

ಸಂಜೆ ಫಕೀರಪ್ಪನಿಗೆ ಹೇಳಿದಾಗ ಅವನು ಮುಖ ಊದಿಸಿಕೊಂಡ. ಕಿತ್ತ ಗೂಟವನ್ನು ತಿರುಗಿಸಿ ತಿರುಗಿಸಿ ನೋಡಿ, "ನೋಡೂಣಂತ, ನಿನ್ನ ಬೋಲ್ಟ್ ಎಷ್ಟ ದಿನ ನಿಲ್ತಾವ," ಎಂದ.

ಸೋಮವಾರ ಬೆಳಿಗ್ಗೆಯಿಂದಲೇ ಸೆಕೆ. ಮಧ್ಯಾಹ್ನ ಕಡೆಯ ಫೈಲು ಅರ್ಧ ಮುಗಿದಿತ್ತು, ಆಕಾಶ ಕಪ್ಪಿಟ್ಟಿತು. ಗಾಳಿ ಬಂದದ್ದು ಬಂದಂತೆಯೇ ರಂಗೂಬಾಯಿಯ ಮಾಳಿಗೆಯ ತಗಡನ್ನು ಎತ್ತಿ ರಸ್ತೆಗೆ ಎಸೆಯಿತು. ಎದುರಿನ ಗುಲ್ಮೊಹರಿನ ಕೊಂಬೆ ಲಟಕ್ಕನೆ ಮುರಿಯಿತು. ಕರೆಂಟು ಹೋಯಿತು, ಬ್ಯಾಟರಿ ಕುಂಯ್ ಎಂದು ಅಳತೊಡಗಿತು. ಶೈಲಾ ಕಿವಿಯಲ್ಲಿನ ಡಾಕ್ಟರನ ದನಿ ಬಿಟ್ಟು ಬೇರೇನೂ ಕೇಳಿಸಿಕೊಳ್ಳದೆ ಟೈಪು ಮಾಡಿದಳು. ಸಾವಂತ್ರವ್ವ ಅವಳ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು, ಹಸಿರು ದೀಪಗಳ ಮೇಲೆ ಕಣ್ಣು ನೆಟ್ಟು, ಉಸಿರು ಬಿಡದೆ ಕೂತಳು.

ದೀಪಗಳು ಹಸಿರಾಗಿಯೇ ಇದ್ದವು. ಮಳೆ ಗೋಡೆಗೆ ಅಪ್ಪಳಿಸುತ್ತಿತ್ತು, ಗೋಡೆಯ ಆಚೆ ಡಬ್ಬಿ ಕೂತಲ್ಲೇ ಕೂತಿತ್ತು. ಶೈಲಾ ಕಡೆಯ ಸಾಲು ಮುಗಿಸಿ ಫೈಲು ಕಳಿಸಿದಳು. ಹೋಯಿತು ಎಂದು ಪರದೆ ಹೇಳಿತು.

ಫೋನು ಬಂದಾಗ ಮಳೆ ಇನ್ನೂ ನಿಂತಿರಲಿಲ್ಲ. ಅಪೇಕ್ಷಾ ಕಿರುಚುತ್ತಿದ್ದಳು. "ಶೈಲಾ ಮೇಡಂ, ಮನೆಯಿಂದ ಮಾಡುವವರಲ್ಲಿ ನಿಮ್ಮದೊಂದೇ ಫೈಲು ಬಂದದ್ದು! ಉಳಿದವರ ಲೈನೆಲ್ಲ ಢಮಾರ್. ಕೆಲಸ ನಿಮ್ಮದು ಮಾರಾಯ್ರೆ, ನಾಳೆಯಿಂದಲೇ! ಮತ್ತೆ ಉಳಿದವರ ಡಬ್ಬಿ ಹೇಗೆ ಕೂರಿಸಬೇಕು ಅಂತ ನೀವೇ ಹೇಳಿಕೊಡಬೇಕಂತೆ. ಸರ್ ಹೇಳಿದ್ರು."

ಶೈಲಾ "ಬಂತ್ರಿ ಅತ್ತಿ!" ಎಂದು ಕೂಗಿದಳು. ಜನ್ಮದಲ್ಲಿ ಅಷ್ಟು ಜೋರಾಗಿ ಅವಳು ಕೂಗಿರಲಿಲ್ಲ. ಮೊಣಕಾಲಿನ ನೋವು ಎಲ್ಲಿ ಹೋಯಿತೋ, ಸಾವಂತ್ರವ್ವ ಎದ್ದು ಬಾಗಿಲು ತೆರೆದು, ಮಳೆಯಲ್ಲೇ ತಗಡು ಎಳೆದು ತರುತ್ತಿದ್ದ ರಂಗೂಬಾಯಿಗೆ ತನ್ನ ಮುರುಕು ಮರಾಠಿಯಲ್ಲಿ ಸೊಸೆಗೆ ನೌಕರಿ ಸಿಕ್ಕಿತೆಂದು ಸಾರಿದಳು. ಆಚೀಚೆ ಮನೆಯವರೂ ಕಿಟಕಿಗೆ ಬಂದರು.

ಅಷ್ಟರಲ್ಲಿ ಫಕೀರಪ್ಪ ತೊಯ್ದು ತೊಪ್ಪೆಯಾಗಿ ಬಂದ. ಹಿಂದಿನ ಸಂದಿಗೆ ಹೋಗಿ, ಕತ್ತೆತ್ತಿ ಗೋಡೆಯ ಡಬ್ಬಿಯನ್ನು ನೋಡಿ ಬಂದು, ಕಿಟಕಿಯಲ್ಲಿದ್ದವರ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡ. "ನಮ್ಮನಿ ಡಬ್ಬಿ ಅಂದ್ರ ಅಷ್ಟ ಸುಮ್ಮನ ಅಲ್ರಿ. ನಾವು ಹಾಕಿದ್ದು..."

"ನಾವಲ್ಲ," ಎಂದಳು ಸಾವಂತ್ರವ್ವ, ಎಲ್ಲರಿಗೂ ಕೇಳಿಸುವಂತೆ. "ಅಕಿ ಹಾಕ್ಯಾಳ. ಅಕಿ ಮನಿ, ಅಕಿ ಗ್ವಾಡಿ."

ಫಕೀರಪ್ಪ ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಒದ್ದೆ ಮೀಸೆ ಒರೆಸಿಕೊಂಡು ನಕ್ಕುಬಿಟ್ಟ. ಆ ಮನೆಗೆ ಸೊಸೆಯಾಗಿ ಬಂದು ಎಷ್ಟೋ ವರ್ಷವಾಗಿದ್ದ ಶೈಲಾ, ಅಂದು ಮೊದಲ ಸಲ ಹೊಸ್ತಿಲ ನಟ್ಟನಡುವೆ ಕೈ ಸೊಂಟಕ್ಕಿಟ್ಟು ನಿಂತು, ಮುಖಕ್ಕೆ ಬೀಳುತ್ತಿದ್ದ ಮಳೆಯನ್ನು ಒರೆಸಿಕೊಳ್ಳದೆ ನಕ್ಕಳು.